ಕೂಸಿಗೆ ನುಂಗಲು, ಉಸಿರಾಡಲು ತ್ರಾಸಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಯಂದಿರು, ಅಜ್ಜಿಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಎಲ್ಲವೂ ಹುಟ್ಟಿದ ದಿನದಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದವು. ಮಗು ಈಗಲೇ ಉಸಿರಿಗೆ ಒದ್ದಾಡುತ್ತಿದ್ದರೆ ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

## ಮೊದಲಿಗೆ

ಕೂಸಿಗೆ ಹಾಲು ನೆತ್ತಿಗೆ ಹತ್ತತೈತ್ರಿ. ಎಲ್ಲಾ ಕೂಸಿಗೂ ಹಂಗ ಆಗತೈತೇನು?

ಅಪರೂಪಕ್ಕೊಮ್ಮೆ ಆಗುತ್ತದೆ. ಅನ್ನನಾಳ, ಶ್ವಾಸನಾಳ ಎರಡಕ್ಕೂ ಗಂಟಲಲ್ಲಿ ಒಂದೇ ದಾರಿ. ನುಂಗುವ ಕ್ಷಣಕ್ಕೆ ಉಸಿರು ನಿಂತು, ಧ್ವನಿಪೆಟ್ಟಿಗೆ ಮುಚ್ಚಿ, ಹಾಲು ಹಿಂದಿನಿಂದ ಕೆಳಗಿಳಿಯಬೇಕು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ತಾಳಕ್ಕೆ ಕೂಡುವುದು ಗರ್ಭದ ಸುಮಾರು 34ನೇ ವಾರಕ್ಕೆ. ಅದಕ್ಕಿಂತ ಮುಂಚೆ ಹುಟ್ಟಿದ ಕೂಸಿಗೆ ಹಾಲು ನೆತ್ತಿಗೆ ಹತ್ತುವುದು ಹೆಚ್ಚು.

ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ, ಕೆಮ್ಮು ಯಾವ ಹೊತ್ತಿಗೆ ಬರುತ್ತದೆ ಎಂದು ಎರಡು ದಿನ ಗಮನಿಸಿ ಬರೆದಿಡಿ. ಹೊತ್ತು ಗೊತ್ತಾದರೆ ಕಾರಣ ಅರ್ಧ ಸಿಕ್ಕಂತೆ. ಮೊಲೆ ಹಿಡಿದ ಮೊದಲ ನಿಮಿಷದಲ್ಲಿ ಮಾತ್ರ ಕೆಮ್ಮಿದರೆ ಹಾಲು ರಭಸದಿಂದ ಇಳಿಯುತ್ತಿರಬಹುದು. ತಾಯಿ ತುಸು ಹಿಂದಕ್ಕೆ ಒರಗಿ ಕೂತು ಕುಡಿಸಿದರೆ, ಇಲ್ಲವೆ ಮೊದಲು ಸ್ವಲ್ಪ ಹಾಲು ಹಿಂಡಿ ತೆಗೆದರೆ ಸಾಕಾಗುತ್ತದೆ. ಮೂಗಿನಿಂದ ಹಾಲು ಬಂದರೆ ಅಂಗಳ (ಬಾಯಿಯೊಳಗಿನ ಮೇಲ್ಛಾವಣಿ) ನೋಡಿಸಬೇಕು. ಕುಡಿಯುತ್ತ ಕುಡಿಯುತ್ತ ದಣಿದು, ಕೊನೆಕೊನೆಗೆ ಕೆಮ್ಮಿದರೆ ಹೃದಯ ಅಥವಾ ಪುಪ್ಪುಸದ ಕಡೆ ಅನುಮಾನ. ಕುಡಿದು ಮಲಗಿಸಿದ ಅರ್ಧ ಗಂಟೆಯ ಮೇಲೆ ಬಂದರೆ ಹೊಟ್ಟೆಯಿಂದ ಹಾಲು ಮೇಲೇರುತ್ತಿದೆ. ನೀರು ಕುಡಿದಾಗ ಕೆಮ್ಮು, ಗಟ್ಟಿ ಗಂಜಿ ತಿಂದಾಗ ಇಲ್ಲ ಎಂದರೆ ತೆಳ್ಳನೆಯದು ಶ್ವಾಸನಾಳಕ್ಕೆ ಜಾರುತ್ತಿದೆ. ಇದಕ್ಕೆ ತಿರುಗಮುರುಗ, ಅಂದರೆ ಹಾಲು ಸಲೀಸು, ರೊಟ್ಟಿ ಮಾತ್ರ ಸಿಕ್ಕಿಕೊಳ್ಳುತ್ತದೆ ಎಂದರೆ ಅನ್ನನಾಳ ಎಲ್ಲೋ ಇಕ್ಕಟ್ಟಾಗಿರಬಹುದು. ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಡಾಕ್ಟರ ಎದುರಿಗೆ ಕೂಸು ಸಾಮಾನ್ಯವಾಗಿ ಕೆಮ್ಮುವುದೇ ಇಲ್ಲ.

ಉಸಿರು ಜೋರ ಐತಿ ಅಂತ ಮನ್ಯಾಗ ಹೆಂಗ ಗೊತ್ತು ಹಿಡಿಬೇಕು?

ಎಣಿಸಬೇಕು. ಕೂಸು ಮಲಗಿದಾಗ ಅಥವಾ ಅಳದೆ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಏಕೆಂದರೆ ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ರಿಂದ 11 ತಿಂಗಳಿಗೆ 50 ಅಥವಾ ಹೆಚ್ಚು, 1 ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ಜೋರು ಉಸಿರು. ಜ್ವರವಿದ್ದರೂ ಲೆಕ್ಕ ಏರುತ್ತದೆ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಹಸುಗೂಸು ನಿದ್ದೆಯಲ್ಲಿ 5-10 ಸೆಕೆಂಡು ಉಸಿರು ತಡೆದು ಮತ್ತೆ ಚುರುಕಾಗಿ ಆಡುವುದು ಸಹಜ. 20 ಸೆಕೆಂಡು ದಾಟಿದರೆ, ಅಥವಾ ನಿಂತಾಗ ಮೈ ನೀಲಿಯಾದರೆ ಸಹಜವಲ್ಲ.

ಯಾವ ಲಕ್ಷಣ ಕಂಡ್ರ ಬೆಳಗಾಗೂ ತನಕ ಕಾಯಬಾರದು?

ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಕುಸಿಯುವುದು (ಹಳ್ಳಿಯಲ್ಲಿ "ಪಕ್ಕೆ ಹಾರುವುದು" ಎನ್ನುತ್ತಾರೆ), ಉಸಿರು ಬಿಡುವಾಗ ಪ್ರತಿ ಸಲ ನರಳುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರಿನ ಜೊತೆ ತಲೆ ಅಲುಗುವುದು, ತುಟಿ-ನಾಲಿಗೆ ನೀಲಿಯಾಗುವುದು, ಅಳದೆ ಸುಮ್ಮನಿದ್ದಾಗಲೂ ಉಸಿರೆಳೆಯುವಾಗ ಸೀಟಿಯಂಥ ಸದ್ದು, ಹಾಲು ಕುಡಿಯಲಾಗದಿರುವುದು, ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಒಂದಿದ್ದರೂ ಸಾಕು, ಹೊರಡಬೇಕು. ಎರಡು ತಿಂಗಳೊಳಗಿನ ಕೂಸಿಗಾದರೆ ಬರೀ ಜೋರು ಉಸಿರೇ ಸಾಕು. ದೊಡ್ಡವರ ಬೆರಳಿನ ಆಕ್ಸಿಮೀಟರ್ ಎಳೆಗೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ; 97 ತೋರಿಸಿತು ಎಂದು ಪಕ್ಕೆ ಹಾರುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಹುಟ್ಟಿದ ಕೂಸಿನ ಬಾಯಾಗ ನೊರಿ ನೊರಿ ಬರತೈತಿ, ಒರಸಿದ್ರೂ ನಿಲ್ಲವಲ್ದು?

ಹಾಲು ಹಾಕಬೇಡಿ. ಜೊಲ್ಲು ನೊರೆನೊರೆಯಾಗಿ ಬರುತ್ತಲೇ ಇದ್ದು, ಮೊದಲ ಗುಟುಕಿಗೇ ಕೆಮ್ಮಿ ನೀಲಿಯಾದರೆ ಅನ್ನನಾಳ ನಡುವೆಯೇ ಮುಚ್ಚಿ, ಶ್ವಾಸನಾಳಕ್ಕೆ ಕೂಡಿಕೊಂಡಿರಬಹುದು. ಬಾಯಿಂದ ಹೊಟ್ಟೆಗೆ ನಳಿ ಹಾಕಿ ನೋಡಿದರೆ ಅದು ಸುಮಾರು 10 ಸೆಂ.ಮೀ.ಗೆ ತಡೆಯುತ್ತದೆ, ಎಕ್ಸ್‌ರೇಯಲ್ಲಿ ಖಚಿತವಾಗುತ್ತದೆ. ಶಿಶು ಶಸ್ತ್ರಚಿಕಿತ್ಸಕರು ಇರುವ ಕಡೆ ಕಳಿಸುವಾಗ ತಲೆ ಎತ್ತರಿಸಿ, ಜೊಲ್ಲು ಹೀರಿ ತೆಗೆಯುತ್ತ, ಮೈ ಬೆಚ್ಚಗಿಟ್ಟು ಒಯ್ಯಬೇಕು.

## ಮೂಗು, ಎಣ್ಣೆ, ಗುಟ್ಟಿ, ಹೊಗೆ

ಮೂಗು ಕಟ್ಟಿ ಕೂಸು ಮೊಲಿ ಬಿಟ್ಟೈತಿ. ಏನ್ ಹಾಕ್ಬೇಕ್ರಿ?

ಮೊದಲ ಕೆಲವು ತಿಂಗಳು ಕೂಸು ಹೆಚ್ಚುಕಡಿಮೆ ಮೂಗಿನಿಂದಲೇ ಉಸಿರಾಡುತ್ತದೆ. ಬಾಯಲ್ಲಿ ಮೊಲೆ, ಮೂಗು ಬಂದ್. ಬಿಡದೆ ಏನು ಮಾಡೀತು? ಔಷಧ ಅಂಗಡಿಯಲ್ಲಿ ಸಿಗುವ ಮೂಗಿನ ಸಲೈನ್ ಹನಿ ಸಾಕು. ಹಾಲು ಕುಡಿಸುವ 10-15 ನಿಮಿಷ ಮೊದಲು ಒಂದೊಂದು ಹೊಳ್ಳೆಗೆ 1-2 ಹನಿ ಹಾಕಿ, ಒಂದು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಉಪ್ಪುನೀರು ಮಾಡಿದರೆ ಉಪ್ಪಿನ ಅಳತೆ ತಪ್ಪುತ್ತದೆ, ಹೊಳ್ಳೆ ಉರಿಯುತ್ತದೆ. ಹಾಲನ್ನು ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ಕರ್ಪೂರವಿರುವ ಮುಲಾಮು ಎರಡು ವರ್ಷದೊಳಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಶೀತದ ಸಿರಪ್ಪಿನ ಲೇಬಲ್ ಓದಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಬರೆಯಬೇಕೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಸೂಚಿಸಿದೆ.

ನಮ್ಮ ಅತ್ತಿ ಎರಿಯೂಮುಂದ ಮೂಗಿನ್ಯಾಗ ಎಣ್ಣಿ ಬಿಡತಾರ, ಗುಟ್ಟಿ ತೇದು ಹಾಕತಾರ. ಬ್ಯಾಡ ಅಂದ್ರ ಕೇಳಂಗಿಲ್ಲ.

ಮೈಗೆ ಎಣ್ಣೆ ಹಚ್ಚಿ ತಿಕ್ಕಿ ಎರೆಯುವುದರಲ್ಲಿ ತಪ್ಪಿಲ್ಲ. ಅತ್ತೆಯವರ ಆ ಕೆಲಸ ಉಳಿಯಲಿ, ಮೂಗು-ಬಾಯಿಯ ಎಣ್ಣೆ ಮಾತ್ರ ನಿಲ್ಲಲಿ. ನೀರು ಗಂಟಲಿಗೆ ಬಿದ್ದರೆ ಕೂಸು ಕೆಮ್ಮುತ್ತದೆ. ಎಣ್ಣೆ ಕೆಮ್ಮು ಎಬ್ಬಿಸದೆ ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿಯುತ್ತದೆ, ಅಲ್ಲಿ ಕರಗುವುದಿಲ್ಲ, ವಾರಗಟ್ಟಲೆ ಉರಿಯೂತ ಮಾಡುತ್ತದೆ. ಔಡಲೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಯಾವುದಾದರೂ ಅಷ್ಟೇ. ಆ್ಯಂಟಿಬಯೋಟಿಕ್ ಕೊಟ್ಟರೂ ವಾಸಿಯಾಗದ ನ್ಯುಮೋನಿಯಾದಲ್ಲಿ ಈ ಪ್ರಶ್ನೆ ಕೇಳಲೇಬೇಕು. ಮನೆಯವರು ಮುಚ್ಚಿಟ್ಟರೆ ರೋಗ ಹಿಡಿಯುವುದು ತಡವಾಗುತ್ತದೆ.

ಗುಟ್ಟಿಯ ತೊಂದರೆ ಬೇರೆ. ಅದನ್ನು ಕಾಲ ಮೇಲೆ ಅಡ್ಡ ಮಲಗಿಸಿ, ಅಳುವಾಗ ಬಾಯಿಗೆ ಸುರಿಯುತ್ತಾರೆ. ಅಳುವ ಕೂಸು ದೊಡ್ಡ ಉಸಿರು ಎಳೆಯುತ್ತದೆ, ಬಾಯಲ್ಲಿದ್ದದ್ದು ಒಳಗೆ ಹೋಗುತ್ತದೆ. ಅದರಲ್ಲಿ ಜೇನು ಬೆರೆಸಿದ್ದರೆ ಇನ್ನೊಂದು ಅಪಾಯ: ಒಂದು ವರ್ಷದೊಳಗೆ ಜೇನಿನಿಂದ ಬಾಟುಲಿಸಂ ಎಂಬ ನರಗಳ ವಿಷಬಾಧೆ ಬರಬಹುದು. ಮೊದಲು ಮಲಬದ್ಧತೆ, ಆಮೇಲೆ ಚೀಪುವ ಶಕ್ತಿ ಕುಂದುವುದು, ಧ್ವನಿ ಕ್ಷೀಣಿಸುವುದು, ಕೊನೆಗೆ ಉಸಿರೇ ನಿಲ್ಲುವುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ.

ಲೋಬಾನದ ಹೊಗೆ, ಅಜವಾನ-ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಎಳೆಯ ಶ್ವಾಸನಾಳವನ್ನು ಕೆರಳಿಸುತ್ತವೆ. ಕಬ್ಬಿನ ರವದಿ ಸುಡುವಾಗ, ಮುಧೋಳ-ಮಹಾಲಿಂಗಪುರ ಕಡೆ ಬೆಲ್ಲದ ಗಾಣ ನಡೆಯುವ ದಿನಗಳಲ್ಲಿ ದಮ್ಮಿನ ಮಕ್ಕಳಿಗೆ ಕಿಟಕಿ ಮುಚ್ಚಿ, ಒಲೆಯಿಂದ ದೂರದ ಕೋಣೆಯಲ್ಲಿ ಮಲಗಿಸುವುದು ಲೇಸು. ಪಕ್ಕೆ ಹಾರುತ್ತದೆ ಎಂದು ಹೊಟ್ಟೆಗೆ ಬರೆ ಹಾಕಿಸಿದರೆ ರೋಗ ಹೋಗುವುದಿಲ್ಲ. ಸುಟ್ಟಗಾಯ ಸೇರುತ್ತದೆ, ಒಂದು ದಿನ ಹಾಳಾಗುತ್ತದೆ.

ಕುಡಿದ ಮ್ಯಾಲ ಮಸರ ಮಸರ ಕಕ್ಕತೈತಿ. ಔಷಧ ಬೇಕೇನು?

ತೂಕ ಏರುತ್ತಿದ್ದರೆ ಬೇಡ. ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20-30 ಗ್ರಾಂ ಏರಬೇಕು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕು. ಕಕ್ಕುವುದು ನಾಲ್ಕನೇ ತಿಂಗಳ ಸುಮಾರಿಗೆ ಹೆಚ್ಚಿದ್ದು, ವರ್ಷ ತುಂಬುವುದರೊಳಗೆ ಬಹುತೇಕ ನಿಲ್ಲುತ್ತದೆ. ಕುಡಿಸಿದ ಮೇಲೆ 20-30 ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ. ನಿದ್ದೆಗೆ ಮಾತ್ರ ಅಂಗಾತವೇ, ಚಪ್ಪಟೆ ಹಾಸಿಗೆಯ ಮೇಲೇ ಮಲಗಿಸಿ, ತಲೆದಿಂಬು ಬೇಡ. ಹಸಿರು ಬಣ್ಣದ ವಾಂತಿ, ರಕ್ತ, ದೂರಕ್ಕೆ ಚಿಮ್ಮುವ ವಾಂತಿ, ಕಕ್ಕಿದಾಗೆಲ್ಲ ಉಸಿರು ಕಟ್ಟುವುದು ಇದ್ದರೆ ತೋರಿಸಲೇಬೇಕು.

ಕೂಸಿನ ಅಂಗಳ ಸೀಳೈತಿ. ಮೊಲಿ ಎಳಿಯಾಕ ಆಗವಲ್ದು, ಹೆಂಗ ಕುಡಸಬೇಕು?

ಅಂಗಳ ಸೀಳಿದ್ದರೆ ಬಾಯೊಳಗೆ ಹೀರುವ ಒತ್ತಡ ಹುಟ್ಟುವುದಿಲ್ಲ. ನುಂಗುವ ಶಕ್ತಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಹಿಂಡಿದ ಎದೆಹಾಲನ್ನು ಒಳಲೆಯಿಂದ ಅಥವಾ ಚಮಚದಿಂದ ಕೊಡಬಹುದು. ಕೂಸನ್ನು ಮುಕ್ಕಾಲು ನೆಟ್ಟಗೆ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ತುಸು ಹಾಲು ಬಿಡಿ, ನುಂಗಿದ್ದು ಕಂಡ ಮೇಲೆ ಮತ್ತೆ ಬಿಡಿ. ಸುರಿಯಬೇಡಿ. ಗಾಳಿ ಹೆಚ್ಚು ನುಂಗುವುದರಿಂದ ನಡುನಡುವೆ ತೇಗು ಬರಿಸಬೇಕು. ತುಟಿಯ ಆಪರೇಶನ್ ಸಾಮಾನ್ಯವಾಗಿ 3 ತಿಂಗಳ ನಂತರ, ಅಂಗಳದ್ದು 9 ರಿಂದ 18 ತಿಂಗಳ ನಡುವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದು ಉಚಿತ. ಅಂಗನವಾಡಿಗೆ ಬರುವ ತಪಾಸಣಾ ತಂಡಕ್ಕೆ ಹೆಸರು ಬರೆಸಿ.

## ಗಂಟಲಲ್ಲಿ ಸಿಕ್ಕಿಕೊಂಡರೆ

ಶೇಂಗಾ ಎಷ್ಟ ವರ್ಷಕ್ಕ ಕೊಡಬೇಕು? ಹಲ್ಲ ಬಂದಾವಲ್ಲ?

ಮುಂದಿನ ಹಲ್ಲು ಕತ್ತರಿಸುತ್ತವೆ, ಅರೆಯುವುದಿಲ್ಲ. ದವಡೆ ಹಲ್ಲು ಬರಲು ಶುರುವಾಗುವುದೇ ಒಂದು ವರ್ಷದ ಮೇಲೆ. ಬಂದರೂ ಮಗು ನಗುತ್ತ, ಓಡುತ್ತ ತಿನ್ನುತ್ತದೆ. ಇಡೀ ಶೇಂಗಾ, ಪುಟಾಣಿ, ಹಸಿ ಕಡಲೆ ಐದು ವರ್ಷದವರೆಗೆ ಬೇಡ. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿದ ಶೇಂಗಾ ಆರು ತಿಂಗಳ ಮೇಲೆ ಕೊಡಬಹುದು. ಒಣ ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಹಾಗೇ ಬಾಯಿಗೆ ಹಾಕಬೇಡಿ, ಪುಡಿ ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಮಾದಲಿಗೂ ಇದೇ ಮಾತು: ಹಾಲು-ತುಪ್ಪ ಹಾಕಿ ಮುದ್ದೆ ಮಾಡಿ ಕೊಡಿ.

ನಮ್ಮ ಕಡೆಯ ಇನ್ನಷ್ಟು ಪದಾರ್ಥ ಹೇಳಬೇಕು. ದ್ರಾಕ್ಷಿ ಗುಂಡಗೆ, ಮೆತ್ತಗೆ, ಜಾರುವಂಥದ್ದು. ಗಂಟಲಿಗೆ ಬಿರಡೆ ಬಿದ್ದಂತೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ, ಅಡ್ಡ ಕತ್ತರಿಸಿದರೆ ಗುಂಡಗೇ ಉಳಿಯುತ್ತದೆ. ಒಣದ್ರಾಕ್ಷಿ ನೆನೆಸಿ ಹೆಚ್ಚಬೇಕು. ಸೀತಾಫಲ, ಬಾರಿಹಣ್ಣು, ಹುಣಸೆ, ಕಲ್ಲಂಗಡಿಯ ಬೀಜ ತೆಗೆಯಬೇಕು. ಜಾತ್ರೆಯ ಚುರುಮುರಿಯಲ್ಲಿ ಶೇಂಗಾ-ಪುಟಾಣಿ ಎರಡೂ ಇರುತ್ತವೆ. ಸಂಕ್ರಾಂತಿಯ ಕುಸುರೆಳ್ಳು ಸಣ್ಣದಾದರೂ ಗಟ್ಟಿ. ಕಟಕ ರೊಟ್ಟಿಯನ್ನು ಹಾಲಲ್ಲೋ ಬೇಳೆಯಲ್ಲೋ ಪೂರ್ತಿ ನೆನೆಸಿ ಕಿವುಚಬೇಕು. ಎಲ್ಲಕ್ಕಿಂತ ಮುಖ್ಯ, ಕೂತು ತಿನ್ನಿಸುವುದು. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬಾಯಿಗೆ ಚಾಕಲೇಟು ಹಾಕುವ ರೂಢಿ ಬಿಡಿ.

ಗಂಟಲಾಗ ಸಿಕ್ಕೊಂಡ್ರ ಆ ಗಳಿಗ್ಯಾಗ ಏನ್ ಮಾಡ್ಬೇಕು?

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಮುಟ್ಟಬೇಡಿ. ಕೆಮ್ಮಿಗಿಂತ ಒಳ್ಳೆಯ ಉಪಾಯವಿಲ್ಲ. ಧ್ವನಿ ಬರುತ್ತಿಲ್ಲ, ಕೆಮ್ಮು ಬರುತ್ತಿಲ್ಲ, ಮುಖ ಕಪ್ಪಿಡುತ್ತಿದೆ ಎಂದರೆ ತಡಮಾಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಶುರು ಮಾಡಲಿ.

ಒಂದು ವರ್ಷದೊಳಗೆ: ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ದವಡೆಯನ್ನು ಬೆರಳಿಂದ ಆನಿಸಿ ಹಿಡಿಯಿರಿ, ಗಂಟಲು ಒತ್ತಬೇಡಿ. ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ 5 ಗುದ್ದು. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದೇ ಕೈಯ ಅಂಗೈ ಬುಡದಿಂದ 5 ಸಲ ಒತ್ತಿ (ಹಳೆಯ ತರಬೇತಿಯಲ್ಲಿ ಎರಡು ಬೆರಳು ಎಂದಿತ್ತು). ಹೊರಬರುವವರೆಗೆ ಇದನ್ನೇ ಸರದಿಯಲ್ಲಿ ಮಾಡಿ. ಈ ವಯಸ್ಸಿಗೆ ಹೊಟ್ಟೆ ಒತ್ತಬಾರದು, ಯಕೃತ್ತು ಹರಿಯಬಹುದು.

ಒಂದು ವರ್ಷದ ಮೇಲೆ: ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಗುದ್ದು, ಆಮೇಲೆ ಹಿಂದೆ ಮಂಡಿಯೂರಿ, ಹೊಕ್ಕುಳ ಮೇಲೆ, ಎದೆಮೂಳೆಯ ಕೆಳಗೆ ಮುಷ್ಟಿ ಇಟ್ಟು ಒಳಕ್ಕೆ-ಮೇಲಕ್ಕೆ 5 ಸಲ ಎಳೆಯಿರಿ. ಇದನ್ನೂ ಸರದಿಯಲ್ಲಿ ಮುಂದುವರಿಸಿ.

ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆಗೆ 30 ಒತ್ತು, ಬಾಯಿಂದ 2 ಉಸಿರು. ಪ್ರತಿ ಸಲ ಉಸಿರು ಕೊಡುವ ಮುಂಚೆ ಬಾಯೊಳಗೆ ನೋಡಿ. ಕಣ್ಣಿಗೆ ಕಂಡ ವಸ್ತುವನ್ನು ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿ ಹುಡುಕಿದರೆ ಅದು ಇನ್ನೂ ಒಳಗೆ ಸರಿಯುತ್ತದೆ. ಕಾಲು ಹಿಡಿದು ತಲೆಕೆಳಗು ಜೋತಾಡಿಸುವುದು, ನೀರು ಕುಡಿಸುವುದು, ಬಾಳೆಹಣ್ಣು ನುಂಗಿಸುವುದು ಯಾವುದೂ ಬೇಡ. ಹೊಟ್ಟೆ ಒತ್ತಿ ತೆಗೆದಿದ್ದರೆ ಮಗು ಆರಾಮಾಗಿ ಕಂಡರೂ ಡಾಕ್ಟರಿಗೆ ತೋರಿಸಿ.

ಶೇಂಗಾ ತಿಂದು ಒಮ್ಮೆ ಸಿಕ್ಕಾಪಟ್ಟೆ ಕೆಮ್ಮಿದ, ಈಗ ಆರಾಮ ಅದಾನ. ಎಕ್ಸ್‌ರೇನೂ ನಾರ್ಮಲ್ ಬಂದೈತಿ. ಬಿಡಬಹುದೇನು?

ಬಿಡಬಾರದು. ಶೇಂಗಾ ಬೀಜ ಶ್ವಾಸನಾಳದ ಕವಲಿಗೆ ಇಳಿದ ಮೇಲೆ ಕೆಮ್ಮು ತಾನಾಗಿ ತಗ್ಗುತ್ತದೆ. ಕೆಲವು ಗಂಟೆಯಿಂದ ಕೆಲವು ದಿನ, ಒಮ್ಮೊಮ್ಮೆ ವಾರಗಟ್ಟಲೆ ಏನೂ ಇಲ್ಲದಂತೆ ಇರುತ್ತದೆ. ಬೀಜ ನೆನೆದು ಉಬ್ಬುತ್ತದೆ, ಅದರ ಎಣ್ಣೆ ನಾಳದ ಒಳಪದರ ಕೆರಳಿಸುತ್ತದೆ, ಆಮೇಲೆ ಒಂದೇ ಬದಿಯಲ್ಲಿ ಸುಂಯ್ ಸದ್ದು, ಜ್ವರ, ನ್ಯುಮೋನಿಯಾ. ಆ ಹೊತ್ತಿಗೆ ಮನೆಯವರಿಗೆ ಶೇಂಗಾ ಮರೆತಿರುತ್ತದೆ.

ಶೇಂಗಾ ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ. ಕಾಣಬಹುದಾದದ್ದು ಅದರ ಪರಿಣಾಮ: ಗಾಳಿ ಒಳಹೋಗಿ ಹೊರಬರಲಾರದೆ ಒಂದು ಪುಪ್ಪುಸ ಉಬ್ಬಿರುವುದು. ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲಿ ಅದು ಸ್ಪಷ್ಟವಾಗುತ್ತದೆ, ಉಸಿರೆಳೆದಾಗ ತೆಗೆದದ್ದರಲ್ಲಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ನಾರ್ಮಲ್ ಎಕ್ಸ್‌ರೇಗಿಂತ "ತಿನ್ನುತ್ತಿದ್ದಾಗ ಇದ್ದಕ್ಕಿದ್ದಂತೆ ಕೆಮ್ಮಿ ಕಪ್ಪಾದ" ಎಂಬ ನಿಮ್ಮ ಮಾತಿಗೇ ಹೆಚ್ಚು ಬೆಲೆ. ಹದಿನೈದು ದಿನ ಕಳೆದಿದ್ದರೂ ಹೇಳಿ, ಡಾಕ್ಟರು ಕೇಳದಿದ್ದರೂ ಹೇಳಿ.

ಖಚಿತಪಡಿಸುವುದೂ ತೆಗೆಯುವುದೂ ಬ್ರಾಂಕೋಸ್ಕೋಪಿಯಿಂದ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಂದ ಲೋಹದ ಕೊಳವೆ ಇಳಿಸಿ ಚಿಮಟಿಗೆಯಿಂದ ತೆಗೆಯುತ್ತಾರೆ. ಉಸಿರಿಗೆ ತ್ರಾಸಿಲ್ಲದಿದ್ದರೆ ಘನ ಆಹಾರ ನಿಲ್ಲಿಸಿ 6 ಗಂಟೆ, ಎದೆಹಾಲು ನಿಲ್ಲಿಸಿ 4 ಗಂಟೆ ಆದ ಮೇಲೆ ಮಾಡುತ್ತಾರೆ, ಹಾಗಾಗಿ ದಾರಿಯಲ್ಲಿ ಬಿಸ್ಕೀಟು ತಿನ್ನಿಸಬೇಡಿ. ಮಕ್ಕಳ ಅಳತೆಯ ಉಪಕರಣ, ಅದನ್ನು ಬಳಸಬಲ್ಲ ಕಿವಿ-ಮೂಗು-ಗಂಟಲು ತಜ್ಞರು ಅಥವಾ ಶಿಶು ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮೂರೂ ಒಂದೆಡೆ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಮೊದಲೇ ಫೋನ್ ಮಾಡಿ "ಮಕ್ಕಳ ಬ್ರಾಂಕೋಸ್ಕೋಪಿ ಇವತ್ತು ಆಗುತ್ತದೆಯೇ" ಎಂದು ಕೇಳಿ ಹೊರಡುವುದು ಜಾಣತನ.

ರೊಕ್ಕ ನುಂಗ್ಯಾನ. ಬಾಳಿಹಣ್ಣ ತಿನಿಸಿದ್ರ ಹೋಗತೈತಿ ಅಂತಾರಲ್ಲ?

ಬಾಳೆಹಣ್ಣು ನಾಣ್ಯವನ್ನು ತಳ್ಳುವುದಿಲ್ಲ. ಜೊಲ್ಲು ಸುರಿಯುತ್ತಿದ್ದರೆ, ನುಂಗಲಾಗದಿದ್ದರೆ, ಉಸಿರಿಗೆ ತ್ರಾಸಾದರೆ ತಕ್ಷಣ ಹೋಗಿ. ಏನೂ ಇಲ್ಲದಿದ್ದರೂ ಅದೇ ದಿನ ಎಕ್ಸ್‌ರೇ ಬೇಕು, ಏಕೆಂದರೆ ನುಂಗಿದ್ದು ನಾಣ್ಯವೋ ಬಟನ್ ಸೆಲ್ಲೋ ನಿಮಗೆ ಖಾತ್ರಿ ಇರುವುದಿಲ್ಲ. ರಿಮೋಟು, ಆಟಿಗೆ, ಕೈಗಡಿಯಾರದ ಆ ಚಪ್ಪಟೆ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿದರೆ ವಿದ್ಯುತ್ತು ಹರಿದು ಎರಡು ಗಂಟೆಯೊಳಗೆ ಸುಡಲು ಶುರುಮಾಡುತ್ತದೆ. ರಂಧ್ರ ಬಿದ್ದು ಶ್ವಾಸನಾಳಕ್ಕೆ ದಾರಿಯಾಗಬಹುದು. ಎಕ್ಸ್‌ರೇಯಲ್ಲಿ ಅದರ ಅಂಚಿಗೆ ಎರಡು ಉಂಗುರ ಕಾಣುತ್ತದೆ. ವಾಂತಿ ಮಾಡಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಿದ್ದು, ನುಂಗಲು ಬರುತ್ತಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು, ಹೆಚ್ಚೆಂದರೆ ಆರು ಸಲ, ಕೊಡಬಹುದು. ಜೇನು ಹುಡುಕಲು ಮಾತ್ರ ನಿಲ್ಲಬೇಡಿ.

## ಪದೇ ಪದೇ ಬರುವ ಸದ್ದು, ಕೆಮ್ಮು, ನ್ಯುಮೋನಿಯಾ

ಹುಟ್ಟಿ ಎರಡ ವಾರದಿಂದ ಉಸಿರ ಎಳದಾಗ ಕರ್ ಕರ್ ಅಂತೈತಿ. ಕಫ ಅಂತ ಔಷಧ ಹಾಕಾಕತ್ತೇವಿ.

ಕಫವಾಗಿದ್ದರೆ ಸದ್ದು ಬಂದು ಹೋಗುತ್ತದೆ. ಮೊದಲ ವಾರಗಳಲ್ಲಿ ಶುರುವಾಗಿ, ಅಂಗಾತ ಮಲಗಿದಾಗ, ಅತ್ತಾಗ, ಕುಡಿದಾಗ ಹೆಚ್ಚಾಗಿ, ಬೋರಲು ಮಾಡಿದಾಗ ತಗ್ಗಿದರೆ ಅದು ಹೆಚ್ಚಾಗಿ ಲ್ಯಾರಿಂಗೋಮಲೇಶಿಯಾ. ಧ್ವನಿಪೆಟ್ಟಿಗೆಯ ಮೇಲಿನ ಮೃದು ಭಾಗ ಉಸಿರೆಳೆದಾಗ ಒಳಕ್ಕೆ ಬೀಳುತ್ತದೆ. ಎಳೆಗೂಸಿನ ಇಂಥ ಸದ್ದಿಗೆ ಇದೇ ಅತಿ ಸಾಮಾನ್ಯ ಕಾರಣ. ಕೆಲವು ತಿಂಗಳು ಹೆಚ್ಚುತ್ತ ಹೋಗಿ, 12 ರಿಂದ 24 ತಿಂಗಳೊಳಗೆ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಸಿರಪ್ಪು ಬೇಕಿಲ್ಲ. ತೂಕ ಏರದಿದ್ದರೆ, ಕುಡಿಯುವಾಗ ನೀಲಿಯಾದರೆ, ಪಕ್ಕೆ ಕುಸಿಯುತ್ತಿದ್ದರೆ ಗಂಟಲಿಗೆ ದುರ್ಬೀನು (ಎಂಡೋಸ್ಕೋಪ್) ಹಾಕಿ ನೋಡಬೇಕು. ಕೆಲವರಿಗೆ ಆಪರೇಶನ್ ಬೇಕಾಗುತ್ತದೆ. ಸದ್ದು ತಗ್ಗುತ್ತದೆಂದು ರಾತ್ರಿ ಬೋರಲು ಮಲಗಿಸಬೇಡಿ.

ರಾತ್ರಿ ಒಮ್ಮಿಂದೊಮ್ಮೆ ನಾಯಿ ಬೊಗಳಿದಂಗ ಕೆಮ್ಮಾಕ ಹತ್ತಿದ?

ಆರು ತಿಂಗಳಿಂದ ಮೂರು ವರ್ಷದವರಲ್ಲಿ ಇದು ಹೆಚ್ಚಾಗಿ ಕ್ರೂಪ್, ವೈರಸ್ಸಿನಿಂದ ಗಂಟಲ ಕೆಳಭಾಗ ಬಾತಿರುತ್ತದೆ. ಎತ್ತಿಕೊಂಡು ಸಮಾಧಾನ ಮಾಡಿ, ಅತ್ತಷ್ಟೂ ಇಕ್ಕಟ್ಟು ಹೆಚ್ಚುತ್ತದೆ. ಆವಿಯಿಂದ ಲಾಭವಿಲ್ಲ, ಸುಟ್ಟುಕೊಳ್ಳುವ ಅಪಾಯವಿದೆ. ಆಸ್ಪತ್ರೆಯಲ್ಲಿ ಬಾವು ಇಳಿಸುವ ಡೆಕ್ಸಾಮೆಥಾಸೋನ್ ಔಷಧ ಒಂದೇ ಡೋಸ್ ಕೊಟ್ಟರೆ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಕೆಮ್ಮಿಗಿಂತ ಜ್ವರ-ಜೊಲ್ಲು ಹೆಚ್ಚಿದ್ದು, ಮಗು ಮುಂದಕ್ಕೆ ಬಾಗಿ ಗದ್ದ ಚಾಚಿ ಕೂತಿದ್ದರೆ ಗಂಟಲಿಗೆ ಚಮಚ ಹಾಕಿ ನೋಡಬೇಡಿ, ಹಾಗೇ ಕೂರಿಸಿಕೊಂಡು ಹೊರಡಿ. ಗಂಟಲಲ್ಲಿ ಬೂದು-ಬಿಳಿ ಪೊರೆ, ಕುತ್ತಿಗೆ ಬಾವು ಇದ್ದರೆ ಗಂಟಲುಮಾರಿ. ಅದಕ್ಕೆ 6, 10, 14 ವಾರದ ಪೆಂಟಾ ಲಸಿಕೆಯ ಜೊತೆ 16-24 ತಿಂಗಳು ಮತ್ತು 5-6 ವರ್ಷದ ಬೂಸ್ಟರೂ ಬೇಕು. ನಮ್ಮಲ್ಲಿ ಜನ ಮರೆಯುವುದು ಈ ಬೂಸ್ಟರುಗಳನ್ನೇ.

ಮೊಲಿ ಕುಡಿಯೂಮುಂದ ಹಣಿ ಬೆವರತೈತಿ, ನಾಕ ಗುಟುಕಿಗೆ ಬಿಡತೈತಿ.

ಹೃದಯ ತೋರಿಸಿ. ಹೃದಯದಲ್ಲಿ ರಂಧ್ರವಿರುವ ಮಕ್ಕಳು ಹುಟ್ಟಿದಾಗ ಚೆನ್ನಾಗಿದ್ದು, 6-8 ವಾರಕ್ಕೆ ಹೀಗೆ ಶುರುಮಾಡುವುದುಂಟು: ಕುಡಿದು ನಿಂತು ಏದುಸಿರು ಬಿಟ್ಟು ಮತ್ತೆ ಕುಡಿಯುವುದು, ಹಣೆ ಬೆವರು, ತೂಕ ನಿಂತಲ್ಲೇ ನಿಲ್ಲುವುದು. ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಬೇಕು. ಹಾಲು ಸಾಲದು ಎಂದು ಡಬ್ಬಿ ಹಾಲು ಶುರು ಮಾಡಿದರೆ ತಿಂಗಳು ಕಳೆದುಹೋಗುತ್ತದೆ.

ಆರ ತಿಂಗಳಾಗ ಮೂರ ಸಲ ನ್ಯುಮೋನಿಯಾ ಆತು. ಪ್ರತಿ ಸಲ ಇಂಜೆಕ್ಷನ್, ಮತ್ತ ಅದ.

ಪ್ರತಿ ಸಲದ ಎಕ್ಸ್‌ರೇಗಳನ್ನು ಎಸೆಯದೆ ಒಟ್ಟಿಗೆ ಒಯ್ಯಿರಿ. ಪ್ರತಿ ಸಲ ಒಂದೇ ಜಾಗದಲ್ಲಿ ಬಂದಿದ್ದರೆ ಅಲ್ಲಿ ಏನೋ ಅಡ್ಡ ಇದೆ: ಹಳೆಯ ಶೇಂಗಾ, ಕ್ಷಯದ ಗಡ್ಡೆಯ ಒತ್ತಡ, ಹುಟ್ಟಿನಿಂದ ಬಂದ ದೋಷ. ಜಾಗ ಬದಲಾಗುತ್ತಿದ್ದರೆ ನುಂಗಿದ್ದು ಪುಪ್ಪುಸಕ್ಕೆ ಹೋಗುತ್ತಿರಬಹುದು, ರೋಗನಿರೋಧಕ ಶಕ್ತಿ ಕಡಿಮೆ ಇರಬಹುದು, ಹೃದಯದ ರಂಧ್ರ ಇರಬಹುದು, ದಮ್ಮೂ ಇರಬಹುದು. ಮಲಗಿ ಕುಡಿಯುವ ಕೂಸಿನಲ್ಲಿ ಒಳಜಾರಿದ ಹಾಲು ಪುಪ್ಪುಸದ ಮೇಲ್ಭಾಗದ ಹಿಂಬದಿಗೆ ಸೇರುತ್ತದೆ. ಕೆಮ್ಮಿಲ್ಲ ಎಂದು ಜಾರುತ್ತಿಲ್ಲ ಎನ್ನಲಾಗದು. ನರದ ತೊಂದರೆ ಇರುವ ಮಕ್ಕಳಲ್ಲಿ ಸದ್ದಿಲ್ಲದೆ ಜಾರುತ್ತದೆ. ಊಟದ ನಂತರ ಧ್ವನಿ ಒದ್ದೆಯಾಗಿ ಗುಳುಗುಳು ಎನ್ನುವುದು, ಕಣ್ಣಲ್ಲಿ ನೀರು, ಉಸಿರು ಚುರುಕಾಗುವುದು, ಇವೇ ಅದರ ಕುರುಹು.

ದಮ್ಮಿನ ಪಂಪ್ (ಇನ್‌ಹೇಲರ್) ಹಚ್ಚಿದ್ರ ಚಟ ಆಗತೈತಂತ?

ಆಗುವುದಿಲ್ಲ. ಸಿರಪ್ಪಿನಲ್ಲಿ ಮಿಲಿಗ್ರಾಂ ಲೆಕ್ಕದ ಔಷಧ ಮೈಯೆಲ್ಲ ತಿರುಗುತ್ತದೆ. ಪಂಪಿನ ಒಂದು ಒತ್ತಿಗೆ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ ಮಾತ್ರ, ನೇರ ಶ್ವಾಸನಾಳಕ್ಕೆ. ಚಿಕ್ಕವರಿಗೆ ಸ್ಪೇಸರ್ (ಪಂಪಿಗೂ ಮುಖಕ್ಕೂ ನಡುವೆ ಕೂರಿಸುವ ಟೊಳ್ಳು ಡಬ್ಬಿ) ಮತ್ತು ಮಾಸ್ಕ್ ಬೇಕೇ ಬೇಕು. ಪಂಪ್ ಅಲುಗಾಡಿಸಿ, ಮಾಸ್ಕ್ ಸಂದಿಲ್ಲದಂತೆ ಮುಖಕ್ಕೆ ಕೂರಿಸಿ, ಒಂದು ಸಲ ಒತ್ತಿ, 5-6 ಉಸಿರು ಆಡುವವರೆಗೆ ಹಿಡಿಯಿರಿ. ಎರಡು ಒತ್ತು ಒಟ್ಟಿಗೆ ಬೇಡ. ಸ್ಪೇಸರನ್ನು ಪಾತ್ರೆ ಸೋಪಿನ ನೀರಲ್ಲಿ ನೆನೆಸಿ, ಒರೆಸದೆ ಗಾಳಿಗೆ ಒಣಗಿಸಿ. ಬಟ್ಟೆಯಿಂದ ಒರೆಸಿದರೆ ಸ್ಥಿರ ವಿದ್ಯುತ್ತು ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ. ಸ್ಪೇಸರ್ ಇಲ್ಲದ ಹೊತ್ತಿಗೆ 500 ಮಿ.ಲೀ. ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿಯ ಅಳತೆಯ ರಂಧ್ರ ಕೊರೆದು ಟೇಪ್ ಸುತ್ತಿದರೂ ನಡೆಯುತ್ತದೆ.

## ಮುಂದಿನ ಹಂತ

ಮಗಳಿಗೆ ಸೆರೆಬ್ರಲ್ ಪಾಲ್ಸಿ. ಒಂದ ಊಟಕ್ಕ ಒಂದೂವರಿ ತಾಸು ಬೇಕು, ಅರ್ಧ ಹೊರಗ ಬರತೈತಿ.

ಸೆರೆಬ್ರಲ್ ಪಾಲ್ಸಿ ಎಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವುದು. ಅರ್ಧ ಗಂಟೆ ಮೀರಿದ ಊಟದಲ್ಲಿ ಮಗು ತಿಂದದ್ದಕ್ಕಿಂತ ದಣಿದದ್ದೇ ಹೆಚ್ಚು. 30 ನಿಮಿಷಕ್ಕೆ ನಿಲ್ಲಿಸಿ, ದಿನಕ್ಕೆ 5-6 ಸಲ ಕೊಡಿ. ಸೊಂಟ, ಮೊಣಕಾಲು ಮಡಚಿ, ಪಾದಕ್ಕೆ ಆಸರೆ ಕೊಟ್ಟು ಕೂರಿಸಿ. ಕತ್ತು ಹಿಂದಕ್ಕೆ ವಾಲಿದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ, ಹಾಗಾಗಿ ಗದ್ದ ತುಸು ಕೆಳಗೆ, ತಲೆ ನಡುವಿಗಿರಲಿ. ನೀವು ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು; ನಿಂತು ತಿನ್ನಿಸಿದರೆ ಅದು ಮುಖ ಮೇಲೆತ್ತುತ್ತದೆ. ಚಪ್ಪಟೆ ಚಮಚದಲ್ಲಿ ಅರ್ಧ ತುಂಬಿಸಿ, ನಾಲಿಗೆಯ ಮಧ್ಯೆ ಮೆತ್ತಗೆ ಒತ್ತಿ, ತುಟಿ ಮುಚ್ಚಿ ನುಂಗುವವರೆಗೆ ಕಾಯಿರಿ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ.

ಏನು ಕೊಡುವುದು? ನುಚ್ಚು-ಮಜ್ಜಿಗೆ, ಹಾಲು-ಅವಲಕ್ಕಿ, ತೆಳು ಸಾರಲ್ಲಿ ಮುರಿದ ರೊಟ್ಟಿ ಮೆತ್ತಗಿವೆ ಎಂದು ಎಲ್ಲರೂ ಅವನ್ನೇ ಕೊಡುತ್ತಾರೆ. ನುಂಗಲು ಅತಿ ಕಷ್ಟದ್ದು ಅವೇ. ಗಟ್ಟಿಯನ್ನು ಅಗಿಯುವಷ್ಟರಲ್ಲಿ ನೀರು ಗಂಟಲಿಗೆ ಇಳಿದಿರುತ್ತದೆ. ಎಲ್ಲ ಒಂದೇ ಹದಕ್ಕೆ ಅರೆದು, ಗಂಟಿಲ್ಲದಂತೆ ಸೋಸಿ ಕೊಡಿ.

ಹದವನ್ನು ಕಣ್ಣಳತೆಯಲ್ಲಿ ಹೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದಾಗುತ್ತದೆ. ಸಿರಿಂಜಿನಿಂದ ಅಳೆಯಿರಿ. 0 ಯಿಂದ 10 ಮಿ.ಲೀ. ಗೆರೆಯವರೆಗೆ 61.5 ಮಿ.ಮೀ. ಉದ್ದವಿರುವ ಸಿರಿಂಜು ಬೇಕು. ದಂಡ ತೆಗೆದು, ತುದಿಗೆ ಬೆರಳಿಟ್ಟು 10 ಮಿ.ಲೀ. ತುಂಬಿ, ಬೆರಳು ತೆಗೆದು 10 ಸೆಕೆಂಡಿಗೆ ಮತ್ತೆ ಮುಚ್ಚಿ. ಉಳಿದದ್ದು 1 ರಿಂದ 4 ಮಿ.ಲೀ. ಆದರೆ ಹದ 1, 4 ರಿಂದ 8 ಆದರೆ ಹದ 2, 8ಕ್ಕಿಂತ ಹೆಚ್ಚು ಉಳಿದು ತುಸುವಾದರೂ ಹರಿದರೆ ಹದ 3. ಹನಿಯೂ ಇಳಿಯದಿದ್ದರೆ ಹದ 4. ಯಾವ ಹದ ಬೇಕೆಂದು ಸ್ಪೀಚ್ ಥೆರಪಿಸ್ಟ್ (ಮಾತು, ನುಂಗುವಿಕೆಯ ತಜ್ಞರು) ಹೇಳುತ್ತಾರೆ. ತಿನ್ನಿಸುವ ಬಿಸಿಯಲ್ಲೇ ಅಳೆಯಬೇಕು, ಜೋಳದ ಅಂಬಲಿ ಆರಿದಂತೆ ಗಟ್ಟಿಯಾಗುತ್ತದೆ. ಮೊಳಕೆ ಬರಿಸಿದ ರಾಗಿ ಅಥವಾ ಜೋಳದ ಹಿಟ್ಟು ಬೆರೆಸಿದರೆ ಗಂಜಿ ನೀರಾಗುತ್ತದೆ, ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಎಂಜಲು ಚಮಚ ಅದ್ದಿದರೂ, ಎದೆಹಾಲಿಗೆ ಅಕ್ಕಿ ಹಿಟ್ಟು ಹಾಕಿದರೂ ಅದೇ ಕತೆ. ಮಂದ ಮಾಡುವ ಝ್ಯಾಂಥನ್ ಗೋಂದಿನ ಪುಡಿ ಒಂದು ವರ್ಷದೊಳಗೆ ಡಾಕ್ಟರನ್ನು ಕೇಳದೆ ಬೇಡ, ತಿಂಗಳು ತುಂಬದೆ ಹುಟ್ಟಿದ ಕೂಸಿಗಂತೂ ಬೇಡವೇ ಬೇಡ.

ನುಂಗೂದರ ಟೆಸ್ಟ್ ಅಂದ್ರ ಏನು? ಎಲ್ಲಿ ಮಾಡತಾರ?

ಎರಡು ಬಗೆ. ಒಂದರಲ್ಲಿ ಆಹಾರಕ್ಕೆ ಬೇರಿಯಂ ಬೆರೆಸಿ, ನುಂಗುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡುತ್ತಾರೆ; ಯಾವ ಹದ ಜಾರುತ್ತದೆ, ಯಾವುದು ಇಲ್ಲ ಎಂಬುದು ತಿಳಿಯುತ್ತದೆ. ಇನ್ನೊಂದರಲ್ಲಿ ಮೂಗಿನಿಂದ ಸಣ್ಣ ದುರ್ಬೀನು ಇಳಿಸಿ ಗಂಟಲು ನೋಡುತ್ತಾರೆ, ವಿಕಿರಣವಿಲ್ಲ. ಮಗು ಹಸಿದಿರಬೇಕು. ಮನೆಯ ಚಮಚ, ಬಟ್ಟಲು, ಮನೆಯ ಊಟ ಒಯ್ಯಿರಿ; ಪರಕೀಯ ಬಾಟಲಿಗೆ ಮಗು ಬಾಯಿ ತೆರೆಯದಿದ್ದರೆ ಟೆಸ್ಟು ವ್ಯರ್ಥ. ಮೊದಲ ಹೆಜ್ಜೆಯಾಗಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ (ಡಿಇಐಸಿ) ತೋರಿಸಿ, ಅಲ್ಲಿಂದ ಕಳಿಸಿಕೊಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ನುಂಗುವ ತೊಂದರೆಯ ತಪಾಸಣೆ ನಡೆಯುತ್ತದೆ. ಬಿಪಿಎಲ್ ಕಾರ್ಡು, ಹಿಂದಿನ ಡಿಸ್‌ಚಾರ್ಜ್ ಕಾಗದ, ತಾಯಿ ಕಾರ್ಡು ಜೊತೆಗಿರಲಿ.

ಮೂಗಿನ ನಳಿ ಹಾಕಿ ಮನಿಗೆ ಕಳಿಸ್ಯಾರ. ಒಬ್ರ ಇದ್ದಾಗ ಹೆಂಗ ಹಾಲು ಹಾಕೂದು?

ನಳಿ ಹೊಟ್ಟೆಯಲ್ಲೇ ಇದೆ ಎಂಬುದನ್ನು ಪ್ರತಿ ಸಲ ನೋಡಬೇಕು. ಮೂಗಿನ ಬಳಿ ನಳಿಯ ಮೇಲೆ ಪೆನ್ನಿನಿಂದ ಗುರುತು ಮಾಡಿಟ್ಟುಕೊಳ್ಳಿ; ಗುರುತು ಸರಿದಿದ್ದರೆ ಹಾಲು ಹಾಕಬೇಡಿ. ಸಿರಿಂಜಿನಿಂದ 0.5-1 ಮಿ.ಲೀ. ಹೊಟ್ಟೆರಸ ಎಳೆದು ಪಿಎಚ್ ಪಟ್ಟಿಗೆ (ಹುಳಿಯಂಶ ತೋರಿಸುವ ಕಾಗದ) ಹಾಕಿ: 5.5 ಅಥವಾ ಕಡಿಮೆ ಇದ್ದರೆ ಸರಿ. ಗಾಳಿ ತಳ್ಳಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಪದ್ಧತಿ ನಂಬಲರ್ಹವಲ್ಲ, ನಳಿ ಪುಪ್ಪುಸದಲ್ಲಿದ್ದರೂ ಸದ್ದು ಕೇಳಿಸುತ್ತದೆ. ರಸ ಬರದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ 15-20 ನಿಮಿಷ ಬಿಟ್ಟು ಮತ್ತೆ ಎಳೆಯಿರಿ.

ತಲೆ-ಎದೆ ಎತ್ತರಿಸಿ, ದಂಡ ತೆಗೆದ ಸಿರಿಂಜನ್ನು ನಳಿಗೆ ಸಿಕ್ಕಿಸಿ, ಹೊಟ್ಟೆಗಿಂತ ಒಂದು ಗೇಣು ಮೇಲೆ ಹಿಡಿದು ಹಾಲು ತಾನಾಗಿ ಇಳಿಯಲು ಬಿಡಿ. 20-30 ನಿಮಿಷ ಹಿಡಿಯಬೇಕು. ದಂಡದಿಂದ ತಳ್ಳಿದರೆ ಹೊಟ್ಟೆ ಉಬ್ಬಿ ವಾಂತಿಯಾಗಿ, ಅದೇ ಪುಪ್ಪುಸಕ್ಕೆ ಹೋಗುತ್ತದೆ. ನಡುವೆ ಕೆಮ್ಮಿದರೆ, ನೀಲಿಯಾದರೆ ನಳಿ ಮಡಚಿ ಹಿಡಿದು ನಿಲ್ಲಿಸಿ. ಮುಗಿದ ಮೇಲೆ ಕುದಿಸಿ ಆರಿಸಿದ 3-5 ಮಿ.ಲೀ. ನೀರು ಬಿಟ್ಟು ನಳಿ ತೊಳೆದು ಮುಚ್ಚಿ. ಗುಳಿಗೆ ಪುಡಿಯನ್ನು ಹಾಲಲ್ಲಿ ಕಲಸಿದರೆ ನಳಿ ಕಟ್ಟುತ್ತದೆ, ಬೇರೆಯಾಗಿ ನೀರಲ್ಲಿ ಹಾಕಿ. ಬಾಯಿಂದ ಏನೂ ಕೊಡದಿದ್ದರೂ ದಿನಕ್ಕೆರಡು ಸಲ ಬಾಯಿ ಒರೆಸಿ ಸ್ವಚ್ಛ ಮಾಡಬೇಕು. ಕೊಳೆ ಬಾಯಿಯ ಜೊಲ್ಲು ಜಾರಿದರೂ ನ್ಯುಮೋನಿಯಾ ಬರುತ್ತದೆ. ಸಾಮಾನ್ಯ ಪಿವಿಸಿ ನಳಿಯನ್ನು ವಾರದೊಳಗೆ ಬದಲಿಸಬೇಕು. ತಿಂಗಳುಗಟ್ಟಲೆ ನಳಿ ಬೇಕಾಗುವಂತಿದ್ದರೆ ಹೊಟ್ಟೆಗೇ ನೇರ ಹಾಕುವ ಗ್ಯಾಸ್ಟ್ರೋಸ್ಟಮಿ ನಳಿಯ ಬಗ್ಗೆ ಶಿಶು ಶಸ್ತ್ರಚಿಕಿತ್ಸಕರನ್ನು ಕೇಳಿ.